ಕೋಡಂಬಾಕ್ಕಂ ಭಿತ್ತಿಪತ್ರ ಪುರಾಣ

ಸರ್ಕಾರಿ ಕಡತಗಳಲ್ಲಿ ಗುಮಾಸ್ತನಾದವನು ‘ನಾನು’ ಎಂದು ಬರೆಯುವ ವಾಡಿಕೆಯಿಲ್ಲ. ‘ಕೆಳಗೆ ಸಹಿ ಮಾಡಿದವರಿಗೆ ಆದೇಶವಾಗಿರುವಂತೆ’ ಎಂದೇ ಅವನ ಪತ್ರ ಆರಂಭವಾಗಬೇಕು. ವರ್ಷಗಟ್ಟಲೆ ಹಾಗೆ ಬರೆದು ಬರೆದು ‘ನಾನು’ ಎಂಬ ಪದವೇ ನಮ್ಮ ಲೇಖನಿಯಿಂದ ಜಾರಿಹೋಗಿದೆ. ಆದ್ದರಿಂದ ಈ ಬರಹದಲ್ಲಿ ಅಡಿಗಡಿಗೂ ‘ನಾವು’ ಬಂದರೆ ವಾಚಕರು ಅದನ್ನು ದೊಡ್ಡಸ್ತಿಕೆಯೆಂದು ತಿಳಿಯದೆ, ಹಳೆಯ ಚಾಳಿಯೆಂದು ಕ್ಷಮಿಸಬೇಕು. ಅಲ್ಲದೆ, ಈಗ ಹೇಳಹೊರಟಿರುವ ಕೆಲಸ ಒಬ್ಬರಿಂದ ಆದದ್ದೂ ಅಲ್ಲ.

ನಾವು ತುಮಕೂರು ಜಿಲ್ಲೆಯ ಕಡೆಯವರು. ಬಿ.ಎಸ್ಸಿ. ಮುಗಿಸಿ, ಪರೀಕ್ಷೆಗಳನ್ನು ಬರೆದು, ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ 2006ರಲ್ಲಿ ಮದರಾಸಿಗೆ ಬಂದೆವು. ಊರಿನ ಹೆಸರು 1996ರಲ್ಲೇ ಚೆನ್ನೈ ಎಂದಾಗಿದ್ದರೂ ನಮ್ಮ ಮನೆಯ ಮಾತಿನಲ್ಲಿ ಅದು ಇಂದಿಗೂ ಮದರಾಸೇ. ಕೋಡಂಬಾಕ್ಕಂ ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆಯ ಮನೆ. ಮನೆಯಾಕೆ, ಒಬ್ಬಳು ಮಗಳು, ಮತ್ತು ‘ಕೈಬರಹ ಚೆನ್ನಾಗಿದೆ’ ಎಂಬ ಒಂದು ಅಪಖ್ಯಾತಿ. ಅಪಖ್ಯಾತಿ ಎಂದದ್ದೇಕೆಂದರೆ, ಯಾವ ಸಂಘದಲ್ಲೇ ಆಗಲಿ, ಕೈಬರಹ ಚೆನ್ನಾಗಿರುವವನ ತಲೆಗೆ ಎಲ್ಲ ಬೋರ್ಡು, ಬ್ಯಾನರು, ಬಹುಮಾನ ಪತ್ರಗಳ ಕೆಲಸವೂ ಬಂದು ಕೂರುತ್ತದೆ.

2023ರ ಆಗಸ್ಟಿನಲ್ಲಿ ಹಾಗೆಯೇ ಒಂದು ಕೆಲಸ ಬಂದಿತು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಕೊರೋನಾ ಕಾಲಕ್ಕೆ ಮುಂಚೆ ಹತ್ತಿಪ್ಪತ್ತು ಮಕ್ಕಳು ಬರುತ್ತಿದ್ದರು. ಆಮೇಲೆ ಅದು ಮೊಬೈಲಿನಲ್ಲಿ ನಡೆಯಿತು, ಮೊಬೈಲಿನಲ್ಲೇ ಸೊರಗಿತು. ಆ ಆಗಸ್ಟಿಗೆ ಉಳಿದದ್ದು ನಾಲ್ಕೇ ಮಕ್ಕಳು. ಕಾರ್ಯಕಾರಿ ಸಮಿತಿ ಕೂತು, ‘ರಾಜ್ಯೋತ್ಸವದ ಹೊತ್ತಿಗೆ ಹತ್ತು ವಿದ್ಯಾರ್ಥಿಗಳಾದರೂ ಸೇರದಿದ್ದರೆ ತರಗತಿಯನ್ನು ನಿಲ್ಲಿಸತಕ್ಕದ್ದು’ ಎಂದು ನಿರ್ಣಯ ಮಾಡಿತು. ಮೈಸೂರು ರಾಜ್ಯಕ್ಕೆ ‘ಕರ್ನಾಟಕ’ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಆ ಹೆಸರಿಗೆ ಐವತ್ತು ವರ್ಷ ತುಂಬುವ ದಿನವೇ ನಮ್ಮ ಮಕ್ಕಳ ಕನ್ನಡ ಪಾಠಕ್ಕೆ ಬೀಗ ಬೀಳುವ ಹಾಗಾಯಿತು! ಕೊನೆಯ ಪ್ರಯತ್ನವೆಂದು ಒಂದು ಭಿತ್ತಿಪತ್ರ ಮಾಡಿಸಿ ದೇವಸ್ಥಾನ, ಅಂಗಡಿ, ಅಪಾರ್ಟ್‌ಮೆಂಟುಗಳಲ್ಲಿ ಅಂಟಿಸೋಣವೆಂದರು. ಎಲ್ಲರ ಕಣ್ಣೂ ನಮ್ಮ ಕಡೆ ತಿರುಗಿತು.

ಕೋಡಂಬಾಕ್ಕಂನಲ್ಲಿದ್ದು ಪೋಸ್ಟರ್ ಮಾಡಲು ಹೆದರುವುದೆಂದರೆ ನೀರಿನಲ್ಲಿದ್ದು ಈಜಲು ಹೆದರಿದಂತೆ. ತಮಿಳು ಚಿತ್ರೋದ್ಯಮಕ್ಕೆ ‘ಕೋಲಿವುಡ್’ ಎಂಬ ಹೆಸರು ಬಂದದ್ದೇ ಈ ಊರಿನಿಂದ. ಆರ್ಕಾಟ್ ರಸ್ತೆಯನ್ನು ಹಿಡಿದು ವಡಪಳನಿಯ ಕಡೆ ನಡೆದರೆ ಒಂದು ಕಾಲದ ವಿಜಯಾ-ವಾಹಿನಿ, ಎ.ವಿ.ಎಂ. ಸ್ಟುಡಿಯೋಗಳ ನೆಲ. ಕನ್ನಡ ಚಿತ್ರಗಳೂ ಹಲವು ದಶಕ ಇಲ್ಲಿಯೇ ತಯಾರಾದವು. ರಾಜಕುಮಾರ್ ನಾಯಕರಾಗಿ ಮೊದಲು ಕಾಣಿಸಿಕೊಂಡ 1954ರ ‘ಬೇಡರ ಕಣ್ಣಪ್ಪ’ದ ಹಿಂದೆಯೂ ಎ.ವಿ.ಎಂ. ಇತ್ತು. ಅವರ ಮಕ್ಕಳು ಶಿವರಾಜಕುಮಾರ್ 1962ರಲ್ಲಿ, ಪುನೀತ್ 1975ರಲ್ಲಿ ಹುಟ್ಟಿದ್ದು ಇದೇ ಪಟ್ಟಣದಲ್ಲಿ. ಆಮೇಲೆ ಚಿತ್ರೋದ್ಯಮ ಬೆಂಗಳೂರಿಗೆ ಹೋಯಿತು. ಅದರ ಜೊತೆಗೆ ಇಲ್ಲಿ ಕನ್ನಡದ ಅಕ್ಷರ ಬರೆಯುವ ಕೆಲಸವೂ ಹೋಯಿತು. ವಾಹಿನಿಯ ನೆಲದಲ್ಲಿ ಈಗ ಆಸ್ಪತ್ರೆಯೂ ದೊಡ್ಡ ಮಾಲೂ ಇವೆ.

ಇನ್ನೂ ಹಿಂದೆ ಹೋದರೆ, ಕನ್ನಡವನ್ನು ಅಚ್ಚಿನ ಮೊಳೆಯಲ್ಲಿ ಕಂಡ ಮೊದಲ ಊರುಗಳಲ್ಲಿ ಮದರಾಸೂ ಒಂದು. ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ದೂರದ ಶ್ರೀರಾಮಪುರದಲ್ಲಿ ಅಚ್ಚಾದರೆ, ಮೂರೇ ವರ್ಷಕ್ಕೆ, 1820ರಲ್ಲಿ, ಮ್ಯಾಕೆರೆಲ್ ಎಂಬವರ ಕನ್ನಡ ವ್ಯಾಕರಣ ಮದರಾಸಿನಲ್ಲಿ ಅಚ್ಚಾಯಿತು. ಇಷ್ಟೆಲ್ಲ ಪೂರ್ವಪುಣ್ಯವಿರುವ ಊರಿನಲ್ಲಿ ಒಂದು ಹಾಳೆ ಕನ್ನಡ ಬರೆಯಲು ನಾವು ಎರಡು ತಿಂಗಳು ತೆಗೆದುಕೊಂಡೆವು.

ಮೊದಲ ಕರಡು ಒಂದೇ ರಾತ್ರಿಯಲ್ಲಿ ಸಿದ್ಧವಾಯಿತು. ‘ಚೆನ್ನೈ ಮಹಾನಗರದ ಸಮಸ್ತ ಕನ್ನಡ ಬಾಂಧವರಲ್ಲಿ ಸವಿನಯ ವಿಜ್ಞಾಪನೆ’ ಎಂಬುದು ತಲೆಬರಹ. ಅದರ ಕೆಳಗೆ ಭಾಷೆಯ ಹಿರಿಮೆ, ಸಮಿತಿಯ ನಿರ್ಣಯದ ಉಲ್ಲೇಖ, ಪ್ರವೇಶದ ನಿಯಮಗಳು. ಒಂದು ಮೂಲೆಯಲ್ಲಿ ಭುವನೇಶ್ವರಿ, ಇನ್ನೊಂದು ಮೂಲೆಯಲ್ಲಿ ಕರ್ನಾಟಕದ ನಕ್ಷೆ, ಸುತ್ತ ಬಳ್ಳಿಯ ಅಂಚು. ಕಂಪ್ಯೂಟರಿನಲ್ಲಿ ಸಿಗುವ ಕನ್ನಡದ ಅಕ್ಷರಶೈಲಿಗಳಲ್ಲಿ ನಾಲ್ಕನ್ನು ಒಂದೇ ಹಾಳೆಯಲ್ಲಿ ಬಳಸಿದ್ದೆವು. ಔತಣದಲ್ಲಿ ನಾಲ್ಕು ಬಗೆಯ ಸಿಹಿ ಬಡಿಸಿದ ಹಾಗೆ ಇರಲಿ ಎಂಬುದು ನಮ್ಮ ಭಾವನೆ. ಮನೆಯಾಕೆ ನೋಡಿ, “ಏನೂಂದ್ರೆ, ಇದು ನಿಮ್ಮ ಆಫೀಸಿನ ಸರ್ಕ್ಯುಲರ್ ಥರಾ ಇದೆ” ಎಂದಳು. ಹೊಗಳಿಕೆಯೆಂದೇ ತೆಗೆದುಕೊಂಡೆವು.

ಬೆಳಿಗ್ಗೆ ಹತ್ತಿರದ ಒಂದು ಅಚ್ಚಿನ ಅಂಗಡಿಗೆ ಹೋದೆವು. ಅಲ್ಲಿಯ ಹುಡುಗ ನಮ್ಮ ಬರಹವನ್ನು ತನ್ನ ಹಳೆಯ ಚಿತ್ರದ ಸಾಫ್ಟ್‌ವೇರಿಗೆ ಹಾಕಿ ಒಂದು ಮಾದರಿ ತೆಗೆದುಕೊಟ್ಟ. ನೋಡಿದರೆ, ‘ಕನ್ನಡ’ ಎಂಬುದು ‘ಕನ್‌ನಡ’ ಆಗಿದೆ. ‘ಕರ್ನಾಟಕ’ ಹೋಗಿ ‘ಕರ್‌ನಾಟಕ’ವಾಗಿದೆ. ಒತ್ತಕ್ಷರಗಳೆಲ್ಲ ಮೇಲೆ ಹತ್ತಿ ಸಾಲಾಗಿ ಕುಳಿತಿವೆ. ಹುಡುಗನಿಗೆ ತೋರಿಸಿದರೆ, “ಕರೆಕ್ಟಾ ದಾನೇ ಸಾರ್ ಇರುಕ್ಕು” ಎಂದ. ಅವನ ದೃಷ್ಟಿಯಿಂದ ಅದು ಸರಿಯೇ. ತಮಿಳಿನಲ್ಲಿ ಒತ್ತಕ್ಷರವೆಂಬುದೇ ಇಲ್ಲ. ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕಿಯಿಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲಿ ಬರೆಯುತ್ತಾರೆ. ಕನ್ನಡದ ಒತ್ತುಗಳನ್ನು ಕೂಡಿಸಲು ಬಾರದ ಸಾಫ್ಟ್‌ವೇರು ನಮ್ಮ ಭಾಷೆಯನ್ನು ತಮಿಳಿನ ಕ್ರಮದಲ್ಲಿ ಕೂರಿಸಿಬಿಟ್ಟಿತ್ತು. ಇನ್ನೊಂದು ದಿನ ‘ನುಡಿ’ಯಲ್ಲಿ ಟೈಪು ಮಾಡಿ ಕೊಂಡೊಯ್ದೆವು. ಆ ಯಂತ್ರದಲ್ಲಿ ನುಡಿಯ ಅಕ್ಷರಗಳಿರಲಿಲ್ಲವಾಗಿ, ತೆರೆಯ ಮೇಲೆ ಯಾವುದೋ ಪರದೇಶದ ಭಾಷೆ ಮೂಡಿತು. ಬರಹವನ್ನು ಚಿತ್ರವಾಗಿ ಪರಿವರ್ತಿಸಿ ಒಯ್ಯಬೇಕೆಂಬ ಬುದ್ಧಿ ನಮಗೇ ಇರಲಿಲ್ಲ, ತಪ್ಪು ನಮ್ಮದು. ಹೇಗೂ ಒಂದು ಪ್ರತಿ ಸರಿಯಾಗಿ ತೆಗೆಸಿ, ಸಂಘದ ಸ್ನೇಹಿತರನ್ನು ಒಂದು ಭಾನುವಾರ ಸಂಜೆ ನಮ್ಮ ಮನೆಯ ತಾರಸಿಗೆ ಕಾಫಿಗೆ ಕರೆದೆವು. ಮೆಚ್ಚಿಗೆ ಕೇಳೋಣವೆಂಬುದೇ ಉದ್ದೇಶ.

ಬಂದವರು ನಾಲ್ವರು: ಕಾರ್ಯದರ್ಶಿಗಳು, ಉಡುಪಿಯ ಕಡೆಯ ಬ್ಯಾಂಕಿನ ಸ್ನೇಹಿತರು, ಅವರ ಹೆಂಡತಿ, ಮತ್ತು ಮಕ್ಕಳಿಗೆ ಪಾಠ ಹೇಳುವ ಧಾರವಾಡದ ನಿವೃತ್ತ ಟೀಚರಮ್ಮ. ಹಾಳೆಯನ್ನು ನೀರಿನ ಟ್ಯಾಂಕಿನ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ನಿಂತು ವಿವರಿಸತೊಡಗಿದೆವು. “ಇಲ್ಲಿ ನಕ್ಷೆ ಏಕೆ ಹಾಕಿದೆವೆಂದರೆ...” ಎನ್ನುವಷ್ಟರಲ್ಲಿ ಟೀಚರಮ್ಮ ತಡೆದರು. “ಏನ್ರೀ, ನಾಳೆ ಪೋಸ್ಟರ್ ಜೋಡಿ ನೀವೂ ಗ್ವಾಡಿಗೆ ಅಂಟಿಕೊಂಡು ನಿಂದ್ರತೀರೇನು? ಬಂದು ಈ ಕಡೆ ಕೂಡ್ರಿ. ಬಾಯಿ ತೆಗೀಬ್ಯಾಡ್ರಿ.”

ಕೂತೆವು. ಹತ್ತು ಹೆಜ್ಜೆ ದೂರದಿಂದ ಅವರು ಒಬ್ಬೊಬ್ಬರಾಗಿ ಓದಿದರು. ಓದಿದರು ಎನ್ನುವುದು ತಪ್ಪು, ಓದಲು ನೋಡಿದರು. ಬ್ಯಾಂಕಿನ ಸ್ನೇಹಿತರು, “ಎಂತದು ಮಾರಾಯ್ರೆ, ಮದುವೆ ಕಾಗದವಾ?” ಎಂದರು. ಅವರ ಹೆಂಡತಿಗೆ ಭುವನೇಶ್ವರಿಯ ಚಿತ್ರ ಕಂಡು ಯಾವುದೋ ಪೂಜೆಯ ಪ್ರಕಟಣೆ ಎನ್ನಿಸಿತಂತೆ. ಬಿಳಿಯ ಮೇಲೆ ಹಳದಿಯಲ್ಲಿ ಬರೆದ ಸಾಲು ಯಾರಿಗೂ ಕಾಣಲೇ ಇಲ್ಲ. ಕಾರ್ಯದರ್ಶಿಗಳಿಗೆ ಮಾತ್ರ ಎಲ್ಲವೂ ಸ್ಪಷ್ಟವಾಗಿತ್ತು. ಆಮೇಲೆ ತಿಳಿಯಿತು, ಅವರು ಹಾಳೆಯನ್ನು ಹಿಂದಿನ ದಿನವೇ ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದರು.

ಆ ರಾತ್ರಿ ನಮಗೆ ಊಟ ಸೇರಲಿಲ್ಲ. ಕಚೇರಿಯಲ್ಲಿ ಮೇಲಧಿಕಾರಿ ನಮ್ಮ ಕರಡಿನ ಮೇಲೆ ಗೀಟು ಹಾಕಿದರೆ ನೋವಾಗುವುದಿಲ್ಲ. ಅದು ಅವರ ಸಂಬಳದ ಕೆಲಸ. ನಮ್ಮ ಮನೆಯ ಕಾಫಿ ಕುಡಿದು, ನಮ್ಮ ತಾರಸಿಯಲ್ಲೇ ಕುಳಿತು ಹೀಗೆನ್ನುವುದೇ? ಆದರೆ ಮಲಗಿದಾಗ ಬಿ.ಎಸ್ಸಿ.ಯ ಪ್ರಯೋಗಶಾಲೆ ನೆನಪಾಯಿತು. ಅಳತೆಪಟ್ಟಿಯನ್ನು ಓರೆಯಿಂದ ನೋಡಿದರೆ ತಪ್ಪು ಅಂಕಿ ಕಾಣುತ್ತದೆ; ಓರೆಯಲ್ಲಿ ನಿಂತವನಿಗೆ ತಾನು ಓರೆಯಲ್ಲಿದ್ದೇನೆಂದು ತಿಳಿಯುವುದಿಲ್ಲ. ಅದಕ್ಕೇ ಇನ್ನೊಬ್ಬರನ್ನು ಕರೆದು ತೋರಿಸಬೇಕೆಂದು ಮೇಷ್ಟರು ಹೇಳುತ್ತಿದ್ದರು. ಅಕ್ಷರದ ಗತಿಯೂ ಅದೇ. ಬರೆದವನಿಗೆ ತಾನು ಬರೆದದ್ದು ಕಣ್ಣಿಗೆ ಬೀಳುವ ಮೊದಲೇ ಅದರ ಅರ್ಥ ತಲೆಯಲ್ಲಿ ಇರುತ್ತದೆ. ಅರ್ಥ ಗೊತ್ತಿರುವವನು ಅಕ್ಷರವನ್ನು ನೋಡುವುದೇ ಇಲ್ಲ. ಗೊತ್ತಿಲ್ಲದವನ ಕಣ್ಣನ್ನು ಸಾಲ ತರಬೇಕು.

ಅಂದಿನಿಂದ ಪ್ರತಿ ಭಾನುವಾರ ತಾರಸಿಯ ಸಭೆ ನಡೆಯಿತು. ನಾವು ಹಾಕಿಕೊಂಡ ಕಟ್ಟಳೆಗಳು ಮೂರು. ಬರೆದವರು ಮಾತಾಡಕೂಡದು. ನೋಡುವವರು ಮೊದಲು ‘ಏನು ಕಾಣಿಸಿತು’ ಎಂದು ಹೇಳಬೇಕು; ಚೆನ್ನಾಗಿದೆಯೋ ಇಲ್ಲವೋ ಎಂಬುದು ಆಮೇಲೆ. ಪ್ರತಿ ವಾರವೂ ಹಾಳೆಯನ್ನು ಇದುವರೆಗೆ ನೋಡದ ಒಬ್ಬರನ್ನಾದರೂ ಹೊಸದಾಗಿ ಕರೆಯಬೇಕು.

ಎರಡನೆಯ ಕರಡಿನಲ್ಲಿ ಮಾತು ಅರ್ಧಕ್ಕಿಳಿದಿತ್ತು. ‘ಕನ್ನಡ’ ಎಂಬುದನ್ನು ದೊಡ್ಡದಾಗಿ, ಉರುಟಾದ ಹೊಸ ಶೈಲಿಯ ಅಕ್ಷರದಲ್ಲಿ ಹಾಕಿದ್ದೆವು. ಆ ವಾರದ ಹೊಸಬರು ಎದುರು ಕಟ್ಟಡದ ವಾಚ್‌ಮನ್, ನೆಲ್ಲೂರಿನವರು. ಕನ್ನಡ ಬಾರದ ಅವರು ಎಲ್ಲರಿಗಿಂತ ವೇಗವಾಗಿ ‘ಕನ್ನಡ’ ಎಂದು ಓದಿಬಿಟ್ಟರು! ನಮಗೆ ಆನಂದವೋ ಆನಂದ. ಆಮೇಲೆ ಅವರು ತಮಿಳಿನಲ್ಲಿ ಕೇಳಿದ್ದು: “ಕನ್ನಡ ಎಂದು ತೆಲುಗಿನಲ್ಲಿ ಏಕೆ ಬರೆದಿದ್ದೀರಿ?”

ಟೀಚರಮ್ಮ ನಕ್ಕರು, ನಾವು ನಗಲಿಲ್ಲ. ಇದು ಸಣ್ಣ ಮಾತಲ್ಲ. ಹಳೆಯ ಶಾಸನಗಳ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಹೆಚ್ಚು ಕಡಿಮೆ ಒಂದೇ ಲಿಪಿ. ಅಚ್ಚಿನ ಮೊಳೆಗಳು ಬಂದ ಮೇಲೆ ಎರಡರ ರೂಪಗಳೂ ಬೇರೆಬೇರೆಯಾಗಿ ಗಟ್ಟಿಯಾಗಿ ನಿಂತವು. ಇಂದಿಗೂ ಬಹುತೇಕ ಅಕ್ಷರಗಳ ಹೊಟ್ಟೆ ಒಂದೇ. ಭೇದವಿರುವುದು ಮುಖ್ಯವಾಗಿ ತಲೆಕಟ್ಟಿನಲ್ಲಿ. ತೆಲುಗಿನ ತಲೆಕಟ್ಟು ಮೇಷ್ಟರು ಹಾಕುವ ‘ಸರಿ’ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕನ್ನಡದ್ದು ಅಡ್ಡಲಾಗಿ ಮಲಗಿ, ಬಲತುದಿಯಲ್ಲಿ ಸ್ವಲ್ಪ ಸುರುಳಿಕೊಳ್ಳುತ್ತದೆ. ನಾವು ಆರಿಸಿದ ಉರುಟು ಅಕ್ಷರದಲ್ಲಿ ಆ ಮಲಗಿದ ಗೆರೆ ಎಷ್ಟು ಮೋಟಾಗಿತ್ತೆಂದರೆ, ದೂರದಿಂದ ಅದು ಯಾವ ಭಾಷೆಯ ತಲೆಯೆಂದು ಹೇಳುವುದೇ ಕಷ್ಟ. ಬೆಂಗಳೂರಿನಲ್ಲಾದರೆ ಯಾರಿಗೂ ಈ ಸಂಶಯ ಬರುವುದಿಲ್ಲ. ಕೋಡಂಬಾಕ್ಕಂನಲ್ಲಿ ತೆಲುಗರ ಸಂಖ್ಯೆ ದೊಡ್ಡದು; ಗೋಡೆಯ ಮೇಲೆ ದುಂಡಗಿನ ಅಕ್ಷರ ಕಂಡರೆ ಜನ ತೆಲುಗೆಂದೇ ತಿಳಿದು ಮುಂದೆ ಹೋಗುತ್ತಾರೆ. ಕನ್ನಡಿಗರೂ ಹೋಗುತ್ತಾರೆ. ಬ್ಯಾಂಕಿನ ಸ್ನೇಹಿತರ ಹೆಂಡತಿ ಆಗಲೇ ಒಪ್ಪಿಕೊಂಡರು: ಹಿಂದಿನ ವರ್ಷ ನಮ್ಮ ಸಂಘದ ಯುಗಾದಿಯ ಬ್ಯಾನರನ್ನು ನಾಲ್ಕು ದಿನ ತೆಲುಗಿನದೆಂದೇ ಅವರು ಭಾವಿಸಿದ್ದರಂತೆ. ಅದನ್ನು ಬರೆದವರೂ ನಾವೇ.

ಕಂಪ್ಯೂಟರಿನ ಅಕ್ಷರಗಳನ್ನು ಬಿಟ್ಟು ಕೈಯಲ್ಲೇ ಬರೆಯುವುದೆಂದು ತೀರ್ಮಾನವಾದದ್ದು ಆ ಸಂಜೆ. ಕೈಬರಹವನ್ನು ಅಚ್ಚು ಹಾಕಿಸುವುದು ಅಗೌರವವಲ್ಲವೇ ಎಂದು ಕಾರ್ಯದರ್ಶಿಗಳು ಅನುಮಾನಿಸಿದಾಗ ಟೀಚರಮ್ಮ, “ಮೋಗ್ಲಿಂಗ್ ಸಾಹೇಬರು 1843ರಾಗ ‘ಮಂಗಳೂರ ಸಮಾಚಾರ’ ತೆಗೆದಾಗ ಮೊದಲು ಕಲ್ಲಚ್ಚಿನ ಮ್ಯಾಲೆ ಕೈಲೆ ಬರದ ಹಾಕ್ಯಾರ. ಕನ್ನಡದ ಮೊದಲನೇ ಪತ್ರಿಕೆಗೆ ಇಲ್ಲದ ಅಗೌರವ ನಿಮಗ್ಯಾಕ ಬಂತು?” ಎಂದರು. ಕಾರ್ಯದರ್ಶಿಗಳು ಸುಮ್ಮನಾದರು.

ಮೂರನೆಯ ಕರಡಿಗೆ ಸಿಕ್ಕ ಗುರುಗಳು ನಮ್ಮ ಹಿಂದಿನ ಬೀದಿಯ ವೃದ್ಧರು. ಸಿನಿಮಾ ಬ್ಯಾನರುಗಳನ್ನು ಬರೆಯುತ್ತಿದ್ದವರು. ಚಿತ್ರದ ಸಣ್ಣ ಫೋಟೋ ಮೇಲೆ ಚೌಕಗಳನ್ನು ಎಳೆದು, ಅಷ್ಟೇ ಚೌಕಗಳನ್ನು ದೊಡ್ಡ ಬಟ್ಟೆಯ ಮೇಲೂ ಎಳೆದು, ಒಂದೊಂದೇ ಚೌಕ ತುಂಬಿಕೊಂಡು ಮನೆಯೆತ್ತರದ ಮುಖಗಳನ್ನು ಬರೆಯುವ ವಿದ್ಯೆ ಅದು. ಫ್ಲೆಕ್ಸ್ ಬಂದ ಮೇಲೆ ಆ ವಿದ್ಯೆಗೆ ಅನ್ನವಿಲ್ಲದಾಯಿತು. ಕನ್ನಡ ಚಿತ್ರಗಳಿಗೂ ಬರೆದಿದ್ದಾರೆ; ಆದರೆ ಕನ್ನಡ ಓದಲು ಬಾರದು! “ಅದು ಹೇಗೆ ಬರೆದಿರಿ?” ಎಂದರೆ, “ಮುಖ ಬರೆಯುವುದಿಲ್ಲವೇ? ಹಾಗೆಯೇ” ಎಂದರು. ಅವರಿಗೆ ‘ಕ’ ಎಂಬುದು ಧ್ವನಿಯಲ್ಲ, ಒಂದು ಮುಖ.

ಓದಲು ಬಾರದ ಈ ಕಣ್ಣು ನಮಗೆ ಬೇಕಾಗಿದ್ದ ಕಣ್ಣು. ಅವರು ಹಾಳೆಯನ್ನು ತಲೆಕೆಳಗಾಗಿ ಅಂಟಿಸಿದರು. ಕಣ್ಣನ್ನು ಅರ್ಧ ಮುಚ್ಚಿ ನೋಡಿದರು. ನಮಗೂ ಹಾಗೆ ನೋಡಲು ಹೇಳಿದರು. ಆಶ್ಚರ್ಯ! ಅಕ್ಷರಗಳು ಹೋಗಿ ಕಪ್ಪು ಕಲೆಗಳು ಮಾತ್ರ ಉಳಿದವು. ‘ನ್ನ’ ಇರುವ ಕಡೆ ಕಪ್ಪು ಹೆಪ್ಪುಗಟ್ಟಿತ್ತು, ‘ಡ’ದ ಬಳಿ ತೆಳುವಾಗಿತ್ತು. ಕೆಳಗಿನ ಸಾಲು ಒತ್ತಕ್ಷರದ ಬಾಲವನ್ನು ಕಚ್ಚಿ ಹಿಡಿದಿತ್ತು. “ಎಳುತ್ತುಕ್ಕು ಮೂಚ್ಚು ವಿಡ ಇಡಂ ವೇಣುಂ ಸಾರ್” ಎಂದರು. ಅಕ್ಷರಕ್ಕೆ ಉಸಿರಾಡಲು ಜಾಗ ಬೇಕು. ತಮಿಳಿಗೆ ಬಿಡುವಷ್ಟೇ ಜಾಗವನ್ನು ಸಾಲುಗಳ ನಡುವೆ ಬಿಟ್ಟರೆ ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡೂ ಕಡೆ ಸಂಸಾರ. ಅಕ್ಷರವನ್ನು ದಪ್ಪ ಮಾಡಿದಷ್ಟೂ ಹೊಟ್ಟೆಯ ಬಿಳಿ ಮುಚ್ಚಿಹೋಗುತ್ತದೆ. ಹೊರಗೆ ಬೆಳೆಸುವ ಮುನ್ನ ಒಳಗಿನ ಬಿಳಿಯನ್ನು ಕಾಯಬೇಕು. ಬಣ್ಣದ ವಿಷಯದಲ್ಲೂ ಅವರದೇ ಬುದ್ಧಿವಾದ: ಈ ಊರಿನ ಗೋಡೆಯ ಮೇಲೆ ಕೆಂಪು-ಕಪ್ಪು ಜೋಡಿಯೆಂದರೆ ಜನರಿಗೆ ರಾಜಕೀಯ ಪಕ್ಷದ ಬಾವುಟ ನೆನಪಾಗುತ್ತದೆ, ಬೇಡ. ಹಳದಿಯ ನೆಲದ ಮೇಲೆ ಕಪ್ಪು ಬರೆಯಿರಿ, ಬಸ್ಸಿನಿಂದಲೂ ಕಾಣುತ್ತದೆ.

ಇಷ್ಟು ಹೊತ್ತಿಗೆ ಸುದ್ದಿ ಹಬ್ಬಿ ತಾರಸಿಗೆ ಹತ್ತಾರು ಜನ ಬರತೊಡಗಿದ್ದರು. ಮನೆಯಾಕೆಯ ಕಾಫಿಪುಡಿಯ ಡಬ್ಬಿ ಬರಿದಾಗುತ್ತಿತ್ತು. ಒಬ್ಬರು ಅಕ್ಷರ ದೊಡ್ಡದಾಗಲಿ ಎಂದರೆ ಇನ್ನೊಬ್ಬರು ಚಿಕ್ಕದಾಗಲಿ ಎಂದರು. ಒಬ್ಬರಿಗೆ ಹಂಪಿಯ ರಥ ಬೇಕು, ಇನ್ನೊಬ್ಬರಿಗೆ ಕುವೆಂಪು ಚಿತ್ರ ಬೇಕು. ಎಲ್ಲರ ಮಾತನ್ನೂ ನಡೆಸಹೋಗಿ ನಾಲ್ಕನೆಯ ಕರಡು ಮೊದಲಿನದಕ್ಕಿಂತ ಕೆಟ್ಟಿತು. ಪ್ರಯೋಗಶಾಲೆಯಲ್ಲಿ ಮೂರು ಅಳತೆಗಳನ್ನು ಕೂಡಿಸಿ ಮೂರರಿಂದ ಭಾಗಿಸಬಹುದು, ಅಭಿಪ್ರಾಯಗಳನ್ನು ಭಾಗಿಸಲಾಗದು. ಆಗ ನಮಗೊಂದು ಉಪಾಯ ಹೊಳೆಯಿತು. ಹೊಟ್ಟೆನೋವೆಂದು ಬಂದ ರೋಗಿಯ ನೋವನ್ನು ವೈದ್ಯರು ನಂಬುತ್ತಾರೆ. ಆದರೆ ಔಷಧವನ್ನು ರೋಗಿಯೇ ಬರೆಯಲು ಬಿಡುವುದಿಲ್ಲ. ‘ಇಲ್ಲಿ ಕಣ್ಣು ತಡೆಯಿತು’ ಎಂದರೆ ತಕರಾರಿಲ್ಲದೆ ಒಪ್ಪಿಕೊಳ್ಳುವುದು. ‘ಆದ್ದರಿಂದ ರಥ ಹಾಕಿ’ ಎಂದರೆ ನಮಸ್ಕಾರ ಹೇಳುವುದು. ಚಿಕ್ಕದು ಮಾಡಿ ಎಂದವರಿಗೂ ದೊಡ್ಡದು ಮಾಡಿ ಎಂದವರಿಗೂ ಇದ್ದ ತೊಂದರೆ ಒಂದೇ: ಸಾಲುಗಳು ಒಂದಕ್ಕೊಂದು ತಾಗುತ್ತಿದ್ದವು. ಅದನ್ನು ಬಿಡಿಸಿದೊಡನೆ ಇಬ್ಬರೂ ಸಮಾಧಾನಪಟ್ಟರು.

ಇಷ್ಟೆಲ್ಲ ಸಭೆಗಳಲ್ಲಿ ಒಬ್ಬಳು ಮಾತ್ರ ಮೆಟ್ಟಿಲ ಬಳಿ ನಿಂತು ನೋಡಿ ಕೆಳಗೆ ಹೋಗಿಬಿಡುತ್ತಿದ್ದಳು. ನಮ್ಮ ಮಗಳು. ಆಗ ಒಂಬತ್ತನೆಯ ತರಗತಿ. ಭಾನುವಾರದ ಕನ್ನಡ ಪಾಠಕ್ಕೆ ಎರಡು ವರ್ಷದ ಹಿಂದೆ ಅವಳೂ ಹೋಗುತ್ತಿದ್ದಳು, ಬಿಟ್ಟಳು. ಶಾಲೆಯ ಓದು ಹೆಚ್ಚಾಯಿತೆಂದು ನಾವು ಎಲ್ಲರಿಗೂ ಹೇಳುತ್ತಿದ್ದೆವು, ಹಾಗೆಂದೇ ನಂಬಿದ್ದೆವು.

ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಸಂಜೆ ಮಳೆ; ಯಾರೂ ಬರಲಿಲ್ಲ. ಐದನೆಯ ಕರಡನ್ನು ಒಳಗೆ ನಡುಮನೆಯ ಗೋಡೆಗೆ ಅಂಟಿಸಿ, “ನೀನಾದರೂ ಓದಮ್ಮ” ಎಂದೆವು. ‘ಕನ್ನಡ’ ಎಂದು ಓದಿದಳು. ಮುಂದಿನ ಸಾಲಿನಲ್ಲಿ ‘ಶಿಕ್ಷಣ ಪ್ರಾರಂಭೋತ್ಸವ’ ಎಂದಿತ್ತು. “ಶಿಕ್ಷಣ... ಪ್ರಾ... ಪ್ರಾರಂಬೋ...” ಎಂದು ನಿಂತಳು.

“ಬೋ ಅಲ್ಲ, ಭೋ. ಮಹಾಪ್ರಾಣ” ಎಂದೆವು. ಬಾಯಿ ತೆರೆಯಕೂಡದೆಂಬ ಕಟ್ಟಳೆ ಮರೆತೇಹೋಗಿತ್ತು.

ಅವಳು ಹಾಳೆಯಿಂದ ಕಣ್ಣು ತೆಗೆದಳು. “ಅಪ್ಪಾ, ನಿಮ್ಮ ಪೋಸ್ಟರಲ್ಲಿ ಯಾರಾದರೂ ತಪ್ಪು ತೋರಿಸಿದರೆ ಆ ರಾತ್ರಿ ನೀವು ಊಟ ಮಾಡಲ್ಲ. ಅಮ್ಮ ಹೇಳಿದಳು. ನಾನು ಓದುವಾಗ ನೀವು ಒಂದೊಂದು ಅಕ್ಷರಕ್ಕೂ ನಿಲ್ಲಿಸ್ತಿದ್ರಿ. ಎಲ್ಲರ ಮುಂದೆ” ಎಂದಳು. ಕೋಪದಲ್ಲಿ ಹೇಳಲಿಲ್ಲ. ಲೆಕ್ಕ ಒಪ್ಪಿಸಿದಂತೆ ಹೇಳಿ ಒಳಗೆ ಹೋದಳು.

ನಡುಮನೆಯಲ್ಲಿ ಬಹಳ ಹೊತ್ತು ಕೂತಿದ್ದೆವು. ಹಳೆಯ ಪುಸ್ತಕಗಳ ಕಟ್ಟಿನಿಂದ ಅವಳ ಕನ್ನಡದ ಕಾಪಿ ಪುಸ್ತಕ ತೆಗೆದು ನೋಡಿದೆವು. ಪುಟದ ಮೇಲೆ ಪುಟ ನಮ್ಮ ಕೆಂಪು ಶಾಯಿ. ತಮಿಳು ಅಕ್ಷರಮಾಲೆಯಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲ. ಬೀದಿಯಲ್ಲೂ ಶಾಲೆಯಲ್ಲೂ ತಮಿಳು ಕೇಳಿ ಬೆಳೆದ ಮಗು ‘ಭಾರತ’ವನ್ನು ‘ಬಾರತ’ ಎಂದು ಬರೆದರೆ ಅದು ಉದಾಸೀನವಲ್ಲ, ಕಿವಿಯ ಅಭ್ಯಾಸ. ಅಂಥ ಪ್ರತಿ ‘ಬ’ಕ್ಕೂ ಒಂದು ಕೆಂಪು ಸುತ್ತು. ಏನು ಸರಿಯಿದೆಯೆಂದು ಒಂದು ಕಡೆಯೂ ಬರೆದಿರಲಿಲ್ಲ. ತಾರಸಿಯಲ್ಲಿ ಹಿರಿಯರೆಲ್ಲ ನಮಗೆ ತೋರಿಸಿದ ದಾಕ್ಷಿಣ್ಯದಲ್ಲಿ ಕಾಲುಭಾಗವನ್ನೂ ನಾವು ಆ ಮಗುವಿಗೆ ತೋರಿಸಿರಲಿಲ್ಲ. ತರಗತಿ ಖಾಲಿಯಾದದ್ದಕ್ಕೆ ಮೊಬೈಲನ್ನು ದೂರುತ್ತಿದ್ದೆವು. ಕನಿಷ್ಠ ಒಂದು ಕುರ್ಚಿ ಖಾಲಿಯಾದದ್ದು ನಮ್ಮಿಂದ.

ಮರುದಿನ ಆರನೆಯ ಕರಡು ಬರೆದೆವು. ಪ್ರಾರಂಭೋತ್ಸವ ಹೋಯಿತು, ವಿಜ್ಞಾಪನೆ ಹೋಯಿತು, ಭುವನೇಶ್ವರಿ ತಾಯಿ ಕ್ಷಮಿಸಲಿ, ಅವಳೂ ಹೋದಳು. ಓದಲು ಬಾರದ ಮಕ್ಕಳನ್ನು ಕರೆಯುವ ಹಾಳೆಯಲ್ಲಿ, ಓದಲು ಬಲ್ಲವರೂ ಎಡವುವ ಮಾತುಗಳನ್ನು ತುಂಬಿದ್ದೆವಲ್ಲ! ಉಳಿದದ್ದು ಇಷ್ಟೇ: ‘ಕನ್ನಡ ಓದೋಣ ಬಾ’. ಅದರ ಕೆಳಗೆ ‘ಭಾನುವಾರ 10 ಗಂಟೆ’. ‘ಬನ್ನಿ’ ಎನ್ನಬೇಕಲ್ಲವೇ ಎಂದು ಕಾರ್ಯದರ್ಶಿಗಳು ಕೇಳಿದರು. “ಕೂಸಿಗೆ ಯಾರರೀ ಬನ್ನಿ ಅಂತಾರ?” ಎಂದು ಟೀಚರಮ್ಮ ತೀರ್ಪು ಕೊಟ್ಟರು. ಆ ಐದು ಪದಗಳಲ್ಲಿ ಒತ್ತಕ್ಷರವಿರುವುದು ಒಂದರಲ್ಲೇ. ಅದು ನಮ್ಮ ಭಾಷೆಯ ಹೆಸರಿನಲ್ಲೇ ಇರುವುದರಿಂದ ಬಿಡುವ ಹಾಗಿರಲಿಲ್ಲ. ಆ ‘ನ’ವೊತ್ತಿಗೆ ಬೇಕಾದಷ್ಟು ಜಾಗ ಬಿಟ್ಟು, ತಲೆಕಟ್ಟುಗಳನ್ನು ಅಡಿಕೋಲು ಹಿಡಿದು ಅಡ್ಡಲಾಗಿ ಎಳೆದೆವು. ಎದುರಿನ ವಾಚ್‌ಮನ್ ನೋಡಿ, “ಇದು ಕನ್ನಡ” ಎಂದರು. ಬ್ಯಾನರಿನ ವೃದ್ಧರು ತಲೆಕೆಳಗು ಮಾಡಿ ನೋಡಿ ಏನೂ ಹೇಳದೆ ಕಾಫಿ ಕುಡಿದರು. ಅದೇ ಅವರ ಸರ್ಟಿಫಿಕೇಟು.

ಒಂದು ಜಗಳ ಮಾತ್ರ ಉಳಿಯಿತು. ಮಗಳು ಊಟದ ಹೊತ್ತಿನಲ್ಲಿ ತಾನಾಗಿಯೇ, “ಕೆಳಗೆ ತಮಿಳಿನಲ್ಲಿ ಒಂದು ಸಾಲು ಹಾಕಿ. ನನ್ನ ಫ್ರೆಂಡಿನ ಅಮ್ಮ ಮನೆಯಲ್ಲಿ ಕನ್ನಡ ಮಾತಾಡ್ತಾರೆ, ಓದೋಕೆ ಬರಲ್ಲ. ಇಲ್ಲೇ ಓದಿದವರು” ಎಂದಳು. ಸಮಿತಿಯಲ್ಲಿ ಇದಕ್ಕೆ ದೊಡ್ಡ ವಿರೋಧ. ಕನ್ನಡದ ಕರೆಗೆ ತಮಿಳಿನ ಊರುಗೋಲೇ ಎಂದು ಹಿರಿಯರೊಬ್ಬರು ಎದ್ದು ನಿಂತರು. ನಾವು ಎಂದೂ ಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದವರಲ್ಲ, ಅಂದು ಮಾತಾಡಿದೆವು. ಈ ಊರಿನಲ್ಲಿ ಎರಡು ತಲೆಮಾರು ಕಳೆದ ಮನೆಗಳಲ್ಲಿ ಕನ್ನಡ ಕಿವಿಯಲ್ಲಿದೆ, ಕಣ್ಣಿನಲ್ಲಿಲ್ಲ. ಕಣ್ಣಿಗೆ ಗೊತ್ತಿರುವ ದಾರಿಯಿಂದಲೇ ಅವರನ್ನು ಕರೆತರಬೇಕು ಎಂದೆವು. ಸಣ್ಣದಾಗಿ ಒಂದು ಸಾಲು ತಮಿಳು ಬಂದಿತು.

ರಾಜ್ಯೋತ್ಸವದ ಹೊತ್ತಿಗೆ ಎಷ್ಟು ಜನ ಸೇರಿದರೆಂದು ಕೇಳುತ್ತೀರಿ. ಹಳಬರು ಹೊಸಬರು ಸೇರಿ ಮಕ್ಕಳು ಏಳು. ಸಮಿತಿ ಮುಖ ಮುಖ ನೋಡಿಕೊಂಡಿತು. ಆದರೆ ಮಕ್ಕಳನ್ನು ಬಿಡಲು ಬಂದ ಮೂವರು ತಾಯಂದಿರು ಹಿಂದಿನ ಬೆಂಚಿನಲ್ಲಿ ಕೂತು ತಾವೂ ‘ಅ ಆ’ ತಿದ್ದತೊಡಗಿದ್ದರು. ನಿರ್ಣಯದ ಪುಸ್ತಕ ತರಿಸಿ ಓದಿದೆವು. ‘ಹತ್ತು ವಿದ್ಯಾರ್ಥಿಗಳು’ ಎಂದಿತ್ತು. ‘ಹತ್ತು ಮಕ್ಕಳು’ ಎಂದಿರಲಿಲ್ಲ. ಗುಮಾಸ್ತಿಕೆ ಜನ್ಮದಲ್ಲಿ ಒಮ್ಮೆಯಾದರೂ ಕನ್ನಡದ ಕೆಲಸಕ್ಕೆ ಬಂದಿತು. ತರಗತಿ ಉಳಿಯಿತು.

ಮಗಳು ತರಗತಿಗೆ ಮರಳಲಿಲ್ಲ. ನಾವೂ ಹೇಳಲಿಲ್ಲ. ಆದರೆ ಆ ಡಿಸೆಂಬರಿನಲ್ಲಿ ಒಂದು ದಿನ ನಾವಿಬ್ಬರೂ ತರಕಾರಿ ಹಿಡಿದುಕೊಂಡು ಬರುತ್ತಿದ್ದಾಗ, ಅಂಗಡಿಯ ಗೋಡೆಯಲ್ಲಿ ಮಳೆಗೆ ಅಂಚು ಎದ್ದಿದ್ದ ನಮ್ಮ ಭಿತ್ತಿಪತ್ರದ ಮುಂದೆ ರಸ್ತೆಯ ಈಚೆ ಬದಿಯಲ್ಲಿ ಅವಳು ನಿಂತಳು. ನಿಧಾನವಾಗಿ ಓದಿದಳು. “ಕನ್ನಡ... ಓದೋಣ... ಬಾ. ಬಾನುವಾರ...”

ತುಟಿಯವರೆಗೆ ಬಂದ ಮಾತನ್ನು ನುಂಗಿಕೊಂಡೆವು.

ಅವಳು ರಸ್ತೆ ದಾಟಿ ಹತ್ತಿರ ಹೋಗಿ ನೋಡಿ, ಹಿಂದಿರುಗಿ ಬಂದು ನಕ್ಕಳು. “ಅಪ್ಪಾ, ‘ಭ’ದ ಕೆಳಗಿನ ಗೀಟು ದಪ್ಪ ಅಕ್ಷರದೊಳಗೆ ಮುಳುಗಿಹೋಗಿದೆ. ದೂರದಿಂದ ‘ಬ’ ಅಂತಲೇ ಕಾಣುತ್ತೆ. ಈ ಸಲ ಮಹಾಪ್ರಾಣ ಬಿಟ್ಟಿರೋದು ನೀವು!”

ಆರು ಕರಡು, ಎರಡು ತಿಂಗಳು, ಎಷ್ಟೋ ಜೊತೆ ಕಣ್ಣುಗಳು. ಯಾರಿಗೂ ಕಾಣದ ತಪ್ಪು ಅದು. ನಮಗೆಲ್ಲ ‘ಭಾನುವಾರ’ ಎಂದು ಮೊದಲೇ ಗೊತ್ತಿತ್ತು. ಅಕ್ಷರವನ್ನು ಅಕ್ಷರವಾಗಿಯೇ ಓದಬೇಕಾದವಳಿಗೆ ಮಾತ್ರ ಕಂಡಿತು. ಮನೆಗೆ ಬಂದು ಅವಳ ಮುಂದೆ ಮೂಲ ಹಾಳೆಯನ್ನೂ ಪೆನ್ನನ್ನೂ ಇಟ್ಟೆವು. ಕೆಂಪು ಪೆನ್ನೇ ಸಿಕ್ಕಿತು. ಅವಳು ಸುತ್ತು ಹಾಕಿದಳು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಗುಡ್’ ಎಂದೂ ಬರೆದಳು.

ಆ ರಾತ್ರಿ ನಾವು ಹೊಟ್ಟೆ ತುಂಬ ಊಟ ಮಾಡಿದೆವು. ಮುಂದಿನ ಸಲದ ಹಾಳೆಯಲ್ಲಿ ‘ಭ’ದ ಗೀಟನ್ನು ಬಿಡಿಸಿ ಬರೆದೆವು. ಅದರಲ್ಲಿ ಮತ್ತೇನಾದರೂ ವಾಚಕರ ಕಣ್ಣಿಗೆ ಬಿದ್ದರೆ ಭಾನುವಾರ ಸಂಜೆ ತಾರಸಿಗೆ ಬಂದು ಹೇಳಬೇಕು. ಕಾಫಿ ಇರುತ್ತದೆ. ನಾವು ಬಾಯಿ ತೆರೆಯುವುದಿಲ್ಲ.